ಕಂಬದಿಂದ ಮನೆಯವರೆಗೆ

1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಭಾರತದ ಹಳ್ಳಿಗಳಿಗೆಂದೇ ರೂಪಿಸಿದ್ದ 128 ಲೈನುಗಳ ಯಂತ್ರ ಅದು, ದೇಶದಲ್ಲೇ ಮೊದಲನೆಯದು. ಹೊರದೇಶದಿಂದ ತರಿಸುತ್ತಿದ್ದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗುತ್ತಿತ್ತು. ಇದು ಧೂಳು, ಸೆಕೆ ಎಲ್ಲವನ್ನೂ ತಡೆದುಕೊಂಡು ಸಾಮಾನ್ಯ ಕೋಣೆಯಲ್ಲೇ ನಡೆಯುವಂಥದ್ದು. ಕಿತ್ತೂರನ್ನು ಚೆನ್ನಮ್ಮನ ಊರೆಂದು ನೆನೆಯುವ ನಾವು ಈ ಕಾರಣಕ್ಕೂ ಒಮ್ಮೆ ನೆನೆಯಬೇಕು. ಮುಂದೆ ಇಂಟರ್ನೆಟ್ ಎಂಬುದು ಊರೂರಿಗೆ ಬಂದದ್ದು ಇಂಥ ಎಕ್ಸ್‌ಚೇಂಜುಗಳು ಎಳೆದ ತಂತಿಯ ಮೇಲೆಯೇ.

ಕಾಕತಾಳೀಯವೋ ಏನೋ, ಭಾರತದಲ್ಲಿ ಕಂಪ್ಯೂಟರುಗಳ ಜಾಲ ಹೆಣೆಯುವ ಕೆಲಸವೂ ಅದೇ 1986ರಲ್ಲಿ ಶುರುವಾಯಿತು. ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ಜಾಲವನ್ನು ಕೈಗೆತ್ತಿಕೊಂಡಿತು. ಐದು ಐಐಟಿಗಳು, ಮುಂಬಯಿಯ ತಂತ್ರಾಂಶ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ದೆಹಲಿಯಲ್ಲಿ ಇಲಾಖೆಯ ಕಚೇರಿ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಒಟ್ಟು ಎಂಟು ಜಾಗ. ಅಲ್ಲಿನ ವಿಜ್ಞಾನಿಗಳು ಇಮೇಲ್ ಕಳಿಸಿಕೊಳ್ಳುತ್ತಿದ್ದ ಕಾಲದಲ್ಲಿ ಜನಸಾಮಾನ್ಯರ ಮನೆಗಳಲ್ಲಿ ಟೆಲಿಫೋನೇ ಇರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಮನೆಯ ಇಂಟರ್ನೆಟ್ಟಿನ ಚರಿತ್ರೆ ಬರೆಯುವವರು ವಿಜ್ಞಾನಿಗಳ ಪ್ರಯೋಗಶಾಲೆಗಿಂತ ಮೊದಲು ಬೀದಿಯ ಕಂಬವನ್ನು ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸಮುದ್ರದ ತಳದ ಕೇಬಲ್ಲು ಮುಂಬಯಿಗೋ ಚೆನ್ನೈಗೋ ಬಂದು ಮುಟ್ಟುವುದು ಹಣದ ಮಾತು. ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿಂದ ಶಿವಮೊಗ್ಗಕ್ಕೆ ಬರುವುದೂ ಅಷ್ಟೇ. ಶಿವಮೊಗ್ಗದಿಂದ ಹೊಸನಗರದಾಚೆಯ ಒಂಟಿಮನೆಗೆ ಹೋಗುವ ಕೊನೆಯ ಐದಾರು ಕಿಲೋಮೀಟರ್ ಇದೆಯಲ್ಲ, ಎಲ್ಲರೂ ಸೋತದ್ದು ಅಲ್ಲಿ.

ಹಳೆಯ ಟೆಲಿಫೋನಿನ ದಾರಿ ಹೀಗಿತ್ತು. ಎಕ್ಸ್‌ಚೇಂಜಿನಿಂದ ನೂರಾರು ಜೋಡಿ ತಾಮ್ರದ ತಂತಿಗಳಿರುವ ದಪ್ಪ ಕೇಬಲ್ ನೆಲದೊಳಗೆ ಹೊರಡುತ್ತದೆ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅದು ಕವಲೊಡೆಯುತ್ತದೆ. ಬೀದಿಯ ಕಂಬದ ಮೇಲೆ ತಂತಿಗಳನ್ನು ಮನೆಗಳಿಗೆ ಹಂಚುವ ಡಿಪಿ ಬಾಕ್ಸ್, ಅಲ್ಲಿಂದ ಮನೆಯ ಕಿಟಕಿಗೆ ಡ್ರಾಪ್ ವೈರ್. ಒಂದು ಮನೆಗೆ ಒಂದು ಜೋಡಿ ತಂತಿ, ಅದು ಬೇರೆ ಯಾರದ್ದೂ ಅಲ್ಲ. ಮನುಷ್ಯರ ಮಾತು ಕೇಳಿಸಲು ಬೇಕಾದ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಎಕ್ಸ್‌ಚೇಂಜ್ ಒಳಗೆ ಬಿಡುತ್ತಿತ್ತು. ಕಂಪ್ಯೂಟರಿನ ಭಾಷೆ ಒಂದು ಮತ್ತು ಸೊನ್ನೆಯದು. ಅದನ್ನು ಈ ಕಿರಿದಾದ ಅಂತರದೊಳಗೆ ಹಿಡಿಸುವ ಧ್ವನಿಯಾಗಿ ಬದಲಿಸಿ ಕಳಿಸುವುದು, ಬಂದ ಧ್ವನಿಯನ್ನು ಮತ್ತೆ ಒಂದು-ಸೊನ್ನೆಯಾಗಿಸುವುದು ಮೋಡೆಮ್ಮಿನ ಕೆಲಸ. ಡಯಲ್ ಮಾಡಿದೊಡನೆ ಕೇಳುತ್ತಿದ್ದ ಆ ಕಿರಿಚಾಟ, ಎರಡು ತುದಿಯ ಮೋಡೆಮ್ಮುಗಳು ‘ಈ ಲೈನಿನಲ್ಲಿ ಎಷ್ಟು ವೇಗ ಸಾಧ್ಯ’ ಎಂದು ಚೌಕಾಸಿ ಮಾಡುತ್ತಿದ್ದ ಸದ್ದು.

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್, ಅಂದರೆ ವಿಎಸ್‌ಎನ್‌ಎಲ್, ಇಂಟರ್ನೆಟ್ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಮೊದಲು ಮಹಾನಗರಗಳಲ್ಲಿ, ಸ್ವಲ್ಪದರಲ್ಲೇ ಬೆಂಗಳೂರು, ಪುಣೆಗಳಲ್ಲಿ. 250 ಗಂಟೆಗಳ ಪೂರ್ಣ ಪ್ರಮಾಣದ ಖಾತೆಗೆ ವ್ಯಕ್ತಿಗಳು 15,000 ರೂಪಾಯಿ ಕೊಡಬೇಕಿತ್ತು, ವೇಗ ಸೆಕೆಂಡಿಗೆ 9.6 ಕಿಲೋಬಿಟ್. ವಿದ್ಯಾರ್ಥಿಗಳಿಗೆ 500 ರೂಪಾಯಿಯ ‘ಶೆಲ್’ ಖಾತೆ ಇತ್ತು. ಅದರಲ್ಲಿ ಚಿತ್ರ ಬರುತ್ತಿರಲಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ. ಮುಗಿಬಿದ್ದ ಜನರಿಗೆ ಸಾಲುವಷ್ಟು ಮೋಡೆಮ್ಮುಗಳು ವಿಎಸ್‌ಎನ್‌ಎಲ್ ಹತ್ತಿರ ಇರಲಿಲ್ಲ. ಡಯಲ್ ಮಾಡಿದರೆ ಎಂಗೇಜ್, ಸಿಕ್ಕರೆ ಅರ್ಧಕ್ಕೆ ಕಡಿತ. ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಿ.ಕೆ. ಸಿಂಗಲ್, ಬೇಡಿಕೆಯನ್ನು ಅಂದಾಜು ಮಾಡುವುದರಲ್ಲಿ ಎಡವಿದೆವೆಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಸರ್ಕಾರಿ ಸಂಸ್ಥೆಯೊಂದರ ಮುಖ್ಯಸ್ಥರು ಹಾಗೆ ಬಾಯಿಬಿಟ್ಟು ಹೇಳಿದ್ದು ಅಪರೂಪ, ಅದನ್ನು ಮೆಚ್ಚಬೇಕು.

ವೇಗದ ಲೆಕ್ಕವನ್ನು ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ, ಏಕೆಂದರೆ ಇಂದಿಗೂ ಇದರಲ್ಲಿ ಜನ ಮೋಸಹೋಗುತ್ತಾರೆ. ಕಂಪನಿಗಳು ವೇಗ ಹೇಳುವುದು ಬಿಟ್‌ನಲ್ಲಿ, ನಮ್ಮ ಕಡತಗಳ ಗಾತ್ರ ಇರುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 9.6 ಕಿಲೋಬಿಟ್ ಎಂದರೆ ಸೆಕೆಂಡಿಗೆ 1.2 ಕಿಲೋಬೈಟ್. ನಾಲ್ಕು ಎಂಬಿಯ ಒಂದು ಹಾಡು ಇಳಿಯಲು ಹತ್ತಿರಹತ್ತಿರ ಒಂದು ಗಂಟೆ. 1998ರ ಹೊತ್ತಿಗೆ ಬಂದ 56 ಕಿಲೋಬಿಟ್ ಮೋಡೆಮ್ಮಿನಲ್ಲಿ, ಲೈನ್ ಚೆನ್ನಾಗಿದ್ದರೆ, ಅದೇ ಹಾಡಿಗೆ ಹತ್ತು ನಿಮಿಷದ ಆಸುಪಾಸು. ಇವತ್ತು 100 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡವರು ‘ಡೌನ್‌ಲೋಡ್ ಹನ್ನೆರಡಕ್ಕಿಂತ ಮೇಲೆ ಏರುವುದೇ ಇಲ್ಲ’ ಎಂದು ದೂರುವುದನ್ನು ಕೇಳಿದ್ದೇನೆ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆಯೇ ಬರುವುದು. ಅಲ್ಲಿ ಕಂಪನಿಯ ತಪ್ಪಿಲ್ಲ.

ಡಯಲ್-ಅಪ್ ಕಾಲದಲ್ಲಿ ಎರಡು ಬಿಲ್ಲು: ಇಂಟರ್ನೆಟ್ ಗಂಟೆಗಳಿಗೆ ಒಂದು, ಅಷ್ಟೂ ಹೊತ್ತು ಓಡಿದ ಟೆಲಿಫೋನ್ ಮೀಟರಿಗೆ ಇನ್ನೊಂದು. ಇಂಟರ್ನೆಟ್ ಕೇಂದ್ರವಿಲ್ಲದ ಊರಿನವರು ಎಸ್‌ಟಿಡಿ ಕರೆ ಮಾಡಿಯೇ ಜಾಲಕ್ಕೆ ಹೊಗಬೇಕಿತ್ತು. ಸ್ಥಳೀಯ ಕರೆಯ ದರದಲ್ಲಿ ಸಿಗುವ, 172ರಿಂದ ಶುರುವಾಗುವ ಸಂಖ್ಯೆಗಳು ಬಂದ ಮೇಲೆ ಆ ಹೊರೆ ಇಳಿಯಿತು. ಲೈನ್ ಒಂದೇ ಆದ್ದರಿಂದ ಮಗ ಆನ್‌ಲೈನ್ ಇದ್ದಾನೆಂದರೆ ಮನೆಗೆ ಯಾರ ಫೋನೂ ಬರುವಂತಿಲ್ಲ. ‘ಆ ನೆಟ್ಟು ಮುಚ್ಚೋ, ಅತ್ತೆ ಫೋನ್ ಮಾಡ್ತಾರೆ’ ಎನ್ನುವುದು ಆಗಿನ ಮಧ್ಯಮವರ್ಗದ ಮನೆಗಳ ಸಂಜೆಯ ಮಾತು.

ಮನೆಗೆ ತರಿಸಿಕೊಳ್ಳಲಾಗದವರು ಸೈಬರ್ ಕೆಫೆಗೆ ಹೋದರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಕಾಫಿಯ ಜೊತೆ ಇಂಟರ್ನೆಟ್ ಮಾರುತ್ತಿತ್ತು ಎಂಬುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜಾಲದಲ್ಲಿ ಕನ್ನಡವೂ ಕಾಣಿಸಿಕೊಂಡಿತು: ಅದೇ ವರ್ಷ ಯು.ಬಿ. ಪವನಜ ಅವರ ವಿಶ್ವಕನ್ನಡ ತಾಣ ಶುರುವಾಯಿತು. 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೂ ಇಂಟರ್ನೆಟ್ ಸೇವೆಯ ಬಾಗಿಲು ತೆರೆಯಿತು. ಸತ್ಯಂ ಇನ್ಫೋವೇ ಮೊದಲು ಒಳಬಂತು. ದರ ಇಳಿಯಿತು. ಆದರೆ ಯಾವ ಕಂಪನಿಯ ಖಾತೆ ಕೊಂಡರೂ ಮನೆಯವರೆಗಿನ ತಂತಿ ಮಾತ್ರ ಸರ್ಕಾರಿ ಟೆಲಿಫೋನಿನದ್ದೇ.

ತಂತಿಯಲ್ಲಿ ಜಾಗ ಇರಲಿಲ್ಲವೆಂದಲ್ಲ. ತಾಮ್ರದ ಜೋಡಿ ಹತ್ತು ಲಕ್ಷ ಹರ್ಟ್ಸ್‌ಗೂ ಮೇಲಿನ ಕಂಪನಗಳನ್ನು ಹೊರಬಲ್ಲದು. ಎಕ್ಸ್‌ಚೇಂಜಿನ ಶೋಧಕವೇ 3,400ರ ಹತ್ತಿರ ಕತ್ತರಿಸಿ ಬಿಸಾಡುತ್ತಿತ್ತು. ಎಡಿಎಸ್‌ಎಲ್ ಎಂಬ ತಂತ್ರ ಮಾಡಿದ್ದು ಇಷ್ಟೇ: ಮಾತಿಗೆ ಕೆಳಗಿನ ಭಾಗವನ್ನು ಬಿಟ್ಟುಕೊಟ್ಟು, ಸುಮಾರು 26 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ 1.1 ಮೆಗಾಹರ್ಟ್ಸ್‌ವರೆಗೆ ಡೇಟಾ ಹರಿಸಿತು. ಮನೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪ್ಲಿಟರ್ ಒಂದನ್ನು ಕೂರಿಸಿದರು. ಅದರ ಒಂದು ತೂತಿಗೆ ಫೋನು, ಇನ್ನೊಂದಕ್ಕೆ ಮೋಡೆಮ್ಮು. ಅತ್ತೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಮಗ ಪಕ್ಕದ ಕೋಣೆಯಲ್ಲಿ ನೆಟ್ ನೋಡಬಹುದಾಯಿತು. ಡಯಲ್ ಮಾಡುವ ಗೋಜಿಲ್ಲ, ಸದಾ ಸಂಪರ್ಕ.

2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಹೇಳಿತು. 2010ರೊಳಗೆ 2 ಕೋಟಿ ಸಂಪರ್ಕಗಳ ಗುರಿ ಹಾಕಿಕೊಂಡಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾ ಒನ್’ ಹೆಸರಿನಲ್ಲಿ ಸೇವೆ ಆರಂಭಿಸಿತು. ಅದರ 500 ರೂಪಾಯಿಯ ಪ್ಲಾನಿನಲ್ಲಿ ಹಗಲು ಬಳಸಲು ಸಿಗುತ್ತಿದ್ದುದು ಬೆರಳೆಣಿಕೆಯ ಜಿಬಿ, ಮಿತಿ ದಾಟಿದರೆ ಬಿಲ್ಲು ಏರುತ್ತಿತ್ತು. ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಾತ್ರ ಎಷ್ಟು ಬೇಕಾದರೂ ಎಳೆದುಕೊಳ್ಳಬಹುದು. ಆ ಆರು ಗಂಟೆ ಒಂದು ತಲೆಮಾರನ್ನು ಬೆಳೆಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ದಾವಣಗೆರೆಯಲ್ಲೋ ಹಾಸನದಲ್ಲೋ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರು ಹಗಲೆಲ್ಲ ಪಟ್ಟಿ ಮಾಡಿಟ್ಟು, ಎರಡಕ್ಕೆ ಸರಿಯಾಗಿ ಶುರುವಾಗುವಂತೆ ಡೌನ್‌ಲೋಡ್ ತಂತ್ರಾಂಶದಲ್ಲಿ ಹೊತ್ತು ಗೊತ್ತುಮಾಡಿ ಮಲಗುತ್ತಿದ್ದರು. ಎಂಟಕ್ಕೆ ಐದು ನಿಮಿಷ ಇರುವಾಗ ಎದ್ದು ಆಫ್ ಮಾಡದಿದ್ದರೆ ತಿಂಗಳ ಕೊನೆಗೆ ಅಪ್ಪನ ಮುಂದೆ ನಿಲ್ಲಬೇಕಿತ್ತು. ಉಚಿತ ತಂತ್ರಾಂಶಗಳು, ಪಾಠದ ವಿಡಿಯೊಗಳು, ಸಿನಿಮಾಗಳು ಎಲ್ಲವೂ ಊರೆಲ್ಲ ಮಲಗಿದ ಆ ಹೊತ್ತಿನಲ್ಲೇ ಸಣ್ಣ ಪಟ್ಟಣಗಳಿಗೆ ಇಳಿದವು.

ಎಡಿಎಸ್‌ಎಲ್ ಎನ್ನುವ ಹೆಸರಿನ ‘ಎ’ ಅಸಮತೆಯನ್ನು ಹೇಳುತ್ತದೆ: ಮನೆಗೆ ಬರುವ ದಾರಿ ಅಗಲ, ಮನೆಯಿಂದ ಹೋಗುವ ದಾರಿ ಕಿರಿದು. ನೋಡುವವರಿಗೆ, ಓದುವವರಿಗೆ ಅದು ಸಾಕಿತ್ತು. ಇನ್ನೊಂದು ಮಿತಿ ಹೆಚ್ಚು ಕ್ರೂರವಾದದ್ದು. ತಾಮ್ರದಲ್ಲಿ ಕಂಪನ ಹೆಚ್ಚಿದಷ್ಟೂ ದೂರ ಸಾಗುವ ಶಕ್ತಿ ಕಡಿಮೆ. ಎಕ್ಸ್‌ಚೇಂಜಿನ ಪಕ್ಕದ ಬೀದಿಯವರಿಗೆ ಪೂರ್ತಿ ವೇಗ, ಮೂರು ಕಿಲೋಮೀಟರ್ ಆಚೆಯವರಿಗೆ ಅರ್ಧಂಬರ್ಧ, ಐದು ಕಿಲೋಮೀಟರ್ ದಾಟಿದವರಿಗೆ ಬಹುಮಟ್ಟಿಗೆ ಇಲ್ಲ. ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒತ್ತಟ್ಟಿಗಿವೆ, ಎಕ್ಸ್‌ಚೇಂಜ್ ನಡುವೆ ಇದ್ದರೆ ಎಲ್ಲರಿಗೂ ಎಟುಕುತ್ತದೆ. ಮಲೆನಾಡಿನಲ್ಲಿ, ಕರಾವಳಿಯ ಒಳನಾಡಿನಲ್ಲಿ ತೋಟಕ್ಕೊಂದು ಮನೆ. ಅಲ್ಲಿ ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದರೆ ಮಾತೇ ಕರಕರ ಎನ್ನುವಾಗ ಬ್ರಾಡ್‌ಬ್ಯಾಂಡಿನ ಮಾತೆಲ್ಲಿ? ಲೈನ್‌ಮ್ಯಾನ್ ಒಬ್ಬರೇ, ಹಳ್ಳಿಗಳು ಹತ್ತಾರು. ಕೊಡೆ ಹಿಡಿದು, ಜಿಗಣೆ ಕಚ್ಚಿಸಿಕೊಂಡು ಕಂಬ ಹತ್ತಿದ ಆ ಲೈನ್‌ಮ್ಯಾನ್‌ಗಳನ್ನು ಯಾವ ತಂತ್ರಜ್ಞಾನದ ಚರಿತ್ರೆಯೂ ಹೆಸರಿಸುವುದಿಲ್ಲ.

ಬೆಂಗಳೂರಿನ ಕತೆ ಬೇರೆ ದಾರಿ ಹಿಡಿಯಿತು. ಅಲ್ಲಿ ಮನೆಮನೆಗೆ ಇನ್ನೊಂದು ತಂತಿ ಆಗಲೇ ಬಂದಿತ್ತು, ಕೇಬಲ್ ಟಿವಿಯದು. ಅದರಲ್ಲೂ ಇಂಟರ್ನೆಟ್ ಕೊಡುವ ಪ್ರಯತ್ನಗಳು ನಡೆದವು. ಕೇಬಲ್ ಟಿವಿಯ ಜಾಲ ಕಟ್ಟಿದ್ದು ಒಂದೇ ದಿಕ್ಕಿಗೆ ಚಿತ್ರ ಕಳಿಸಲು, ಬೀದಿಗೆಲ್ಲ ಒಂದೇ ತಂತಿ. ಸಂಜೆ ಎಲ್ಲರೂ ಕೂತರೆ ವೇಗ ಹಂಚಿಹೋಗುತ್ತಿತ್ತು. ಸ್ಥಳೀಯ ಕಂಪನಿಗಳು ಆಮೇಲೆ ಬೇರೆ ಉಪಾಯ ಕಂಡುಕೊಂಡವು: ಬಡಾವಣೆಯವರೆಗೆ ಫೈಬರ್, ಅಲ್ಲಿ ಒಂದು ಸ್ವಿಚ್ಚು, ಅಲ್ಲಿಂದ ಮನೆಗೆ ಕಚೇರಿಗಳಲ್ಲಿ ಬಳಸುವ ಲ್ಯಾನ್ ಕೇಬಲ್ಲು. ಲ್ಯಾನ್ ಕೇಬಲ್ಲಿನ ಓಟ ನೂರು ಮೀಟರಿಗೆ ಮುಗಿಯುತ್ತದೆ. ಆದ್ದರಿಂದ ಸ್ವಿಚ್ಚಿನ ಪೆಟ್ಟಿಗೆಯನ್ನು ಯಾರದೋ ತಾರಸಿಯ ಮೇಲೆ ಕೂರಿಸಿ ಅವರ ಮನೆಯಿಂದಲೇ ಕರೆಂಟು ಪಡೆಯುತ್ತಿದ್ದರು. ಜಯನಗರ, ಮಲ್ಲೇಶ್ವರದ ಮರಗಳಿಗೆ ಸುತ್ತಿಕೊಂಡು ಜೋತುಬಿದ್ದ ಕೇಬಲ್ಲುಗಳು ಈ ಉಪಾಯದ ಫಲ. ಪಾಲಿಕೆಯವರು ಅವನ್ನು ಕತ್ತರಿಸುವುದು, ಕಂಪನಿಯ ಹುಡುಗರು ರಾತ್ರೋರಾತ್ರಿ ಮತ್ತೆ ಕಟ್ಟುವುದು ವರ್ಷಗಟ್ಟಲೆ ನಡೆಯಿತು. ಮರಗಳಿಗೆ ಆದದ್ದು ಅನ್ಯಾಯ. ಆದರೂ ಬೆಂಗಳೂರಿನ ಬಾಡಿಗೆ ಮನೆಗಳಿಗೆ ವೇಗದ ಸಂಪರ್ಕ ಬರಲು ಆ ಜೋತುಬಿದ್ದ ತಂತಿಗಳೂ ಒಂದು ಕಾರಣವೆಂಬುದನ್ನು ಮರೆಯಲಾಗದು.

ಅಷ್ಟರಲ್ಲಿ ತಂತಿಯ ಗೊಡವೆಯೇ ಬೇಡವೆನ್ನುವ ಕಾಲ ಬಂದಂತೆ ಕಂಡಿತು. ಏರ್‌ಟೆಲ್ 2012ರಲ್ಲಿ ಕೋಲ್ಕತ್ತದ ಬೆನ್ನಿಗೆ ಬೆಂಗಳೂರಿನಲ್ಲಿ 4ಜಿ ತಂದಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಡೇಟಾ ದರ ನೆಲಕಚ್ಚಿತು. ಲ್ಯಾಂಡ್‌ಲೈನ್ ವಾಪಸ್ ಮಾಡುವ ಸಾಲು ಬೆಳೆಯಿತು. ಆದರೆ ಟವರಿನಿಂದ ಬರುವ ಸಂಪರ್ಕ ಗಾಳಿಯಲ್ಲಿ ಬಂದರೂ ಅದು ಹಂಚಿಕೊಂಡ ಸಂಪರ್ಕ. ಒಂದು ಟವರಿನ ಆಸರೆಯಲ್ಲಿ ಎಷ್ಟು ಮೊಬೈಲುಗಳಿವೆಯೋ ಅಷ್ಟು ಪಾಲು. ಗುಡ್ಡ ಅಡ್ಡ ಬಂದರೆ ರೇಂಜ್ ಇಲ್ಲ. ಒಳ್ಳೆಯ ವೇಗ ಬೇಕಿದ್ದರೆ ಟವರಿಗೂ ಹಿಂದಿನಿಂದ ಫೈಬರ್ ಬೇಕು.

2020ರ ಲಾಕ್‌ಡೌನ್ ಈ ಎಲ್ಲ ಕೊರತೆಗಳನ್ನು ಬಯಲಿಗಿಟ್ಟಿತು. ಶಾಲೆ ಮೊಬೈಲಿಗೆ ಬಂತು. ಮಲೆನಾಡಿನ ಮಕ್ಕಳು ಪುಸ್ತಕ ಹಿಡಿದು ಗುಡ್ಡ ಹತ್ತಿದರು. ಮರುವರ್ಷ ದಕ್ಷಿಣ ಕನ್ನಡದಲ್ಲಿ ಸುರಿವ ಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿರುವಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡಿಡೀ ಓಡಾಡಿತು. ಆ ಚಿತ್ರವನ್ನು ಎಷ್ಟೋ ಜನ ‘ಎಂಥ ಶ್ರದ್ಧೆ’ ಎಂದು ಮೆಚ್ಚಿದರು. ನನಗೆ ಅದರಲ್ಲಿ ಕಂಡದ್ದು ಶ್ರದ್ಧೆಗಿಂತ ಹೆಚ್ಚಾಗಿ ಕಿತ್ತೂರಿನ ಎಕ್ಸ್‌ಚೇಂಜ್ ಬಂದು ಮೂವತ್ತೈದು ವರ್ಷ ಕಳೆದರೂ ನಾವು ದಾಟದ ಆ ಐದು ಕಿಲೋಮೀಟರ್. ಶಿವಮೊಗ್ಗ ಜಿಲ್ಲೆಯ ಊರುಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಫಲಕಗಳು ಎದ್ದವು.

ಸರ್ಕಾರ ಕೈಕಟ್ಟಿ ಕೂತಿತ್ತು ಎನ್ನುವಂತಿಲ್ಲ. 2011ರ ಅಕ್ಟೋಬರಿನಲ್ಲೇ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತ್ತು. ಅದಕ್ಕೆ ಆಮೇಲೆ ಭಾರತ್‌ನೆಟ್ ಎಂದು ಹೆಸರಾಯಿತು. ಫೈಬರ್ ಎಂಬ ಆ ಗಾಜಿನೆಳೆ ಪಂಚಾಯಿತಿ ಕಚೇರಿಯವರೆಗೆ ಬಂತು. ಎಷ್ಟೋ ಕಡೆ ಅಲ್ಲೇ ನಿಂತಿತು. ಪೆಟ್ಟಿಗೆ ಗೋಡೆಯಲ್ಲಿ, ಪೆಟ್ಟಿಗೆಗೆ ಕರೆಂಟಿಲ್ಲ, ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕಿ ತುಂಡಾದ ಕೇಬಲ್ಲಿನ ವಾರಸುದಾರರಿಲ್ಲ. ಊರಿನ ಹೆಬ್ಬಾಗಿಲಿಗೆ ನೀರಿನ ಪೈಪು ತಂದು ನಲ್ಲಿ ಹಾಕಿಸದೆ ಬಿಟ್ಟಂತಾಯಿತು ಅದು. ಮೊದಲಿನ ಜಾಲ ಒಂದೇ ಎಳೆಯದಾಗಿದ್ದರಿಂದ ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಕತ್ತಲೆಗೆ ಬೀಳುತ್ತಿದ್ದವು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಜಾಲವನ್ನು ಉಂಗುರದಂತೆ ಸುತ್ತಿಸಿ, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವ ಏರ್ಪಾಡನ್ನು ಸೇರಿಸಬೇಕಾಯಿತು.

ಮಲೆನಾಡಿನ ಮನೆಗಳಿಗೆ ಫೈಬರ್ ತಂದವರು ಬಹುಪಾಲು ಊರಿನವರೇ. ಬಿಎಸ್‌ಎನ್‌ಎಲ್ ತನ್ನ ಎಕ್ಸ್‌ಚೇಂಜಿನಿಂದ ಸಂಪರ್ಕ ಕೊಟ್ಟು, ಮನೆಗೆ ತಲುಪಿಸುವ ಕೆಲಸವನ್ನು ವರಮಾನದ ಪಾಲಿನ ಮೇಲೆ ಸ್ಥಳೀಯರಿಗೆ ವಹಿಸಿತು. ಹಿಂದೆ ಡಿಶ್ ಕೂರಿಸಿ ಕೇಬಲ್ ಟಿವಿ ನಡೆಸುತ್ತಿದ್ದವರು, ಬೆಂಗಳೂರಿಂದ ಊರಿಗೆ ಮರಳಿದ ಹುಡುಗರು ಇದಕ್ಕೆ ಇಳಿದರು. ಮನೆಯಿಂದ ಕೆಲಸ ಮಾಡುವವರ ತುರ್ತು ಎಷ್ಟಿತ್ತೆಂದರೆ ನಾಲ್ಕೈದು ಮನೆಯವರು ಸೇರಿ ತಾವೇ ಕೇಬಲ್ಲಿನ ಖರ್ಚು ಹಾಕಿಕೊಂಡದ್ದುಂಟು. ಕರೆಂಟು ಕಂಬ ಸಿಕ್ಕಲ್ಲಿ ಕಂಬ, ಇಲ್ಲದಲ್ಲಿ ಅಡಿಕೆಮರ, ಹಲಸಿನಮರ.

ತಾಮ್ರ ಸೋತಲ್ಲಿ ಗಾಜು ಗೆದ್ದದ್ದೇಕೆ? 1966ರಲ್ಲಿ ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿ, ಗಾಜಿನಲ್ಲಿನ ಕಲ್ಮಶ ತೆಗೆದರೆ ಬೆಳಕು ಬಹುದೂರ ಸಾಗಬಲ್ಲದೆಂದು ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಗಾಜಿನೆಳೆಯ ಒಟ್ಟು ದಪ್ಪ 125 ಮೈಕ್ರಾನ್, ಬೆಳಕು ಓಡುವ ನಡುಭಾಗ ಸುಮಾರು 9 ಮೈಕ್ರಾನ್. ಒಂದೇ ಎಳೆಯಲ್ಲಿ ಒಂದು ಬಣ್ಣದ ಅಗೋಚರ ಬೆಳಕು ಮನೆಗೆ ಬರುತ್ತದೆ, ಇನ್ನೊಂದು ಮನೆಯಿಂದ ಹೋಗುತ್ತದೆ. ಬೀದಿಯ ಪೆಟ್ಟಿಗೆಯಲ್ಲಿರುವ ಸ್ಪ್ಲಿಟರ್ ಆ ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ; ಸ್ಪ್ಲಿಟರಿಗೆ ಕರೆಂಟು ಬೇಡ. ಎಕ್ಸ್‌ಚೇಂಜಿನಿಂದ 20 ಕಿಲೋಮೀಟರ್‌ವರೆಗೆ ಇದು ನಡೆಯುತ್ತದೆ.

ಗಾಜನ್ನು ಬೆಸೆಯುವುದನ್ನು ಹತ್ತಿರ ನಿಂತು ನೋಡಬೇಕು. ಮಳೆಯ ನಡುವೆ ಬೈಕಿನ ಸೀಟಿನ ಮೇಲೆ, ತಲೆಗೆ ಪ್ಲಾಸ್ಟಿಕ್ ಹೊದ್ದು ಹುಡುಗ ಕೇಬಲ್ಲಿನ ಸಿಪ್ಪೆ ಸುಲಿಯುತ್ತಾನೆ. ಸ್ಪಿರಿಟ್ ಹಚ್ಚಿದ ಟಿಶ್ಯೂವಿನಿಂದ ಎಳೆಯನ್ನು ಒರೆಸಿ, ಕತ್ತರಿಸುವ ಸಾಧನದಲ್ಲಿಟ್ಟು ಟಕ್ಕನೆ ತುಂಡರಿಸುತ್ತಾನೆ. ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮಷಿನ್ನಿನಲ್ಲಿ ಎದುರುಬದುರು ಇಟ್ಟರೆ ಪುಟ್ಟ ಪರದೆಯ ಮೇಲೆ ಅವು ಕಂಬಗಳಂತೆ ದೊಡ್ಡದಾಗಿ ಕಾಣುತ್ತವೆ. ಯಂತ್ರವೇ ಅವನ್ನು ಸರಿಹೊಂದಿಸಿ ಒಂದು ಕಿಡಿ ಹಾರಿಸುತ್ತದೆ. ಗಾಜು ಕರಗಿ ಒಂದಾಗುತ್ತದೆ. ಆಮೇಲೆ ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದು ನೋಡುತ್ತಾನೆ. ‘ಮೈನಸ್ ಇಪ್ಪತ್ತೊಂದು ಇದೆ ಅಣ್ಣಾ, ಏನೂ ತೊಂದ್ರೆ ಇಲ್ಲ.’ ಮೈನಸ್ 27 ದಾಟಿದರೆ ಸಂಪರ್ಕ ಕಡಿಯತೊಡಗುತ್ತದೆ. ಹತ್ತು ಕಿಲೋಮೀಟರ್ ಗಾಜಿನಲ್ಲಿ ಕಳೆಯುವ ಬೆಳಕಿಗಿಂತ ಬಹಳ ಹೆಚ್ಚು ಆ ಸ್ಪ್ಲಿಟರುಗಳಲ್ಲೇ ಕಳೆದುಹೋಗುತ್ತದೆ. ದೂರ ಎಂಬುದು ಈಗ ಮುಖ್ಯ ಶತ್ರುವಲ್ಲ. ಬಿದ್ದ ಕೊಂಬೆ, ಜಗ್ಗುವ ಮಂಗ, ಬಗ್ಗಿಸಿ ಮೊಳೆ ಹೊಡೆದ ಮೂಲೆ, ಇವೇ ಶತ್ರುಗಳು. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಎಲ್ಲೋ ಗಾಜು ತುಂಡಾಗಿದೆಯೆಂದು ಅರ್ಥ. ಆಗ ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡುವುದು ವ್ಯರ್ಥ.

ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸರ್ಕಾರ 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಿತು. 2023ರಿಂದ ಖಾಸಗಿ ಕಂಪನಿಗಳು 5ಜಿ ಟವರಿನಿಂದ ನೇರ ತಾರಸಿಯ ಪೆಟ್ಟಿಗೆಗೆ ಸಂಪರ್ಕ ಕೊಡುತ್ತಿವೆ. ಕೇಬಲ್ ಎಳೆಯಲಾಗದ ಕಡೆ ಅದು ಉಪಯೋಗದ್ದೇ, ಟವರ್ ಹತ್ತಿರವಿದ್ದರೆ.

ತಾಮ್ರದ ಜೊತೆ ನಾವು ಕಳೆದುಕೊಂಡದ್ದೂ ಒಂದಿದೆ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಬರುತ್ತಿತ್ತು. ಊರಿಗೆ ಕರೆಂಟಿಲ್ಲದಿದ್ದರೂ ಎಕ್ಸ್‌ಚೇಂಜಿನ ಬ್ಯಾಟರಿ ಇರುವಷ್ಟು ಹೊತ್ತು ಫೋನು ಬದುಕಿರುತ್ತಿತ್ತು. ಆಸ್ಪತ್ರೆಗೆ, ನೆಂಟರಿಗೆ ಸುದ್ದಿ ಮುಟ್ಟುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಆಷಾಢದ ಗಾಳಿಗೆ ಲೈನ್ ಹೋದೊಡನೆ ಮನೆಯ ಪೆಟ್ಟಿಗೆ ಆರುತ್ತದೆ, ಅದರ ಜೊತೆ ಫೋನೂ. ಗುಡ್ಡದ ಮರೆಯಲ್ಲಿ ಮೊಬೈಲಿಗೂ ರೇಂಜ್ ಇಲ್ಲದ ಮನೆಗಳವರು ಈಗ 12 ವೋಲ್ಟಿನ ಸಣ್ಣ ಯುಪಿಎಸ್ ಕೊಂಡು ಪೆಟ್ಟಿಗೆಯ ಹಿಂದೆ ಇಟ್ಟುಕೊಳ್ಳುತ್ತಿದ್ದಾರೆ, ಒಂದು ಸಲ ಚಾರ್ಜ್ ಆದರೆ ಕೆಲವು ಗಂಟೆ ನಡೆಯುತ್ತದೆ. ಸಂಪರ್ಕ ಕೊಡಲು ಬರುವ ಹುಡುಗರು ಕೂಡ ಮಳೆಗಾಲಕ್ಕೆ ಮೊದಲೇ ಅದನ್ನು ತರಿಸಿಟ್ಟುಕೊಳ್ಳಿ ಎಂದು ಹೇಳಿಹೋಗುತ್ತಾರೆ.